ಸಂಡಿಗೆ ಬಿಸಿಲು

ನಾನು ದಿನಾ ಬೆಳಗ್ಗೆ ಆರಕ್ಕೆ ವಾಕಿಂಗ್ ಹೋಗುವವಳು. ಹನ್ನೆರಡು ವರ್ಷದಿಂದ ಹೆಚ್ಚುಕಮ್ಮಿ ತಪ್ಪಿಸಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ ವಿಟಮಿನ್ ಡಿ 9 ಅಂತ ಬಂದಾಗ ಲ್ಯಾಬಿನವರೇ ಏನೋ ಎಡವಟ್ಟು ಮಾಡಿರಬೇಕು ಅಂದುಕೊಂಡೆ.

ಟೆಸ್ಟ್ ಮಾಡಿಸಿದ್ದು ತೊಡೆಯ ದೆಸೆಯಿಂದ. ದೇವರ ಮುಂದೆ ಕೂತರೆ ಬಾಗಿಲ ಚೌಕಟ್ಟು ಹಿಡಿದೇ ಏಳಬೇಕಾಗಿತ್ತು. ಆಫೀಸಿನ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕಾಲು ಸೋತ ಹಾಗೆ. 46 ಆಯ್ತಲ್ಲ, ಇನ್ನೇನು ಅಂತ ಸುಮ್ನಿದ್ದೆ.

ಡಾಕ್ಟರು ರಿಪೋರ್ಟ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಬಿಸಿಲಿಗೆ ಎಷ್ಟೊತ್ತಿಗೆ ಹೋಗ್ತೀರಮ್ಮ?" ಆರಕ್ಕೆ ಅಂದೆ. ಅವರು ನಕ್ಕರು. "ಅದು ಕಾಲಿಗೆ ಒಳ್ಳೇದು. ವಿಟಮಿನ್ ಡಿಗೆ ಅಲ್ಲ."

ಚರ್ಮದಲ್ಲಿ ಡಿ ತಯಾರಾಗಲು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ-ಬಿ ಕಿರಣ ಬೇಕು. ಸೂರ್ಯ ಕೆಳಗಿದ್ದಾಗ ಬೆಳಕು ಓರೆಯಾಗಿ, ತುಂಬಾ ಗಾಳಿ ದಾಟಿ ಬರುತ್ತೆ. ದಾರಿಯಲ್ಲೇ ಆ ಕಿರಣ ಸೋಸಿಹೋಗುತ್ತೆ. ಕಿಟಕಿಯ ಗಾಜೂ ಅದನ್ನು ತಡೆಯುತ್ತೆ. ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ಮಧ್ಯಾಹ್ನ ಬಿಸಿಲು ಬೀಳುತ್ತೆ ಅಂತ ನೆಮ್ಮದಿಯಾಗಿದ್ದೆನಲ್ಲ, ಅದೂ ಲೆಕ್ಕಕ್ಕಿಲ್ಲ.

ಅವರು ಹೇಳಿದ ಉಪಾಯ ಸುಲಭ. ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಆ ಬಿಸಿಲು ಉಪಯೋಗದ್ದು. ಭಾನುವಾರ ತಾರಸಿಗೆ ಹೋಗಿ ನೋಡಿದೆ. ಏಳೂವರೆಗೆ ನನ್ನ ನೆರಳು ನೀರಿನ ಟ್ಯಾಂಕಿನವರೆಗೂ ಚಾಚಿತ್ತು. ಹನ್ನೊಂದೂವರೆಗೆ ಕಾಲ ಬುಡದಲ್ಲೇ ಮುದುಡಿ ಕೂತಿತ್ತು. ಪಕ್ಕದಲ್ಲಿ ಅಮ್ಮ ಹಳೇ ಪಂಚೆ ಹಾಸಿ ಸಂಡಿಗೆ ಇಡ್ತಾ ಇದ್ದಳು. "ಇದಕ್ಕೆ ನೆರಳು ಯಾಕೆ ಅಳೀತೀಯೇ? ಸಂಡಿಗೆ ಒಣಗೋ ಬಿಸಿಲು ಅಂದ್ರೆ ಮುಗೀತು" ಅಂದಳು. ನಿಜವೇ. ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಈಗ ವಾರಕ್ಕೆ ನಾಲ್ಕು ದಿನ, ಹನ್ನೊಂದರಿಂದ ಎರಡರ ಮಧ್ಯೆ, ತೋಳು ಮೊಣಕಾಲಿಗೆ ಬಿಸಿಲು ಬೀಳುವ ಹಾಗೆ ಇಪ್ಪತ್ತೈದು ನಿಮಿಷ ಕೂರುತ್ತೇನೆ. ಮುಖಕ್ಕೆ ಟೋಪಿ. ನಮ್ಮಂಥ ಕಪ್ಪು ಚರ್ಮಕ್ಕೆ ಬಿಳಿಯರಿಗಿಂತ ಜಾಸ್ತಿ ಹೊತ್ತು ಬೇಕು. ಹಾಗಂತ ಚರ್ಮ ಉರಿಯುವವರೆಗೆ ಕೂರೋದು ದಡ್ಡತನ.

ಆದರೆ 9 ಇದ್ದವರಿಗೆ ಬಿಸಿಲೊಂದೇ ಸಾಲದು. ಒಂದು ಮಿಲಿಲೀಟರ್‌ಗೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಅಂತಾರೆ. ಕೆಲವು ಲ್ಯಾಬಿನವರು ಒಂದು ಲೀಟರ್‌ಗೆ ಇಷ್ಟು ನ್ಯಾನೋಮೋಲ್ ಅನ್ನೋ ಲೆಕ್ಕದಲ್ಲಿ ಕೊಡುತ್ತಾರೆ, ಅದನ್ನು ಎರಡೂವರೆಯಿಂದ ಭಾಗಿಸಿ ನೋಡಬೇಕು. ನನಗೆ ಬರೆದುಕೊಟ್ಟಿದ್ದು 60,000 ಐಯು (ವಿಟಮಿನ್ ಅಳೆಯುವ ಒಂದು ಮಾನ) ಪುಡಿ, ವಾರಕ್ಕೊಂದರಂತೆ ಎಂಟು ವಾರ.

ಇಲ್ಲೇ ನಾನು ಎಡವಿದ್ದು. ಮೆಡಿಕಲ್ ಶಾಪಿನ ಹುಡುಗ ಕವರಿನ ಮೇಲೆ ಅಭ್ಯಾಸಬಲದಿಂದ 1-0-0 ಅಂತ, ಅಂದರೆ ದಿನಾ ಬೆಳಗ್ಗೆ ಒಂದು ಅಂತ, ಗೀಚಿದ್ದ. ನಾನು ಡಾಕ್ಟರ ಚೀಟಿ ನೋಡದೆ ಕವರ್ ನೋಡಿದೆ. ಮೂರು ದಿನ ಮೂರು ಪ್ಯಾಕೆಟ್! ನಾಲ್ಕನೇ ದಿನ ಚೀಟಿ ಕಣ್ಣಿಗೆ ಬಿದ್ದಾಗ ಎದೆ ಧಸಕ್ಕೆಂದಿತು. ಡಾಕ್ಟರಿಗೆ ಫೋನ್ ಮಾಡಿದೆ. ಮೂರಕ್ಕೇ ನಿಲ್ಲಿಸಿದ್ದು ಒಳ್ಳೇದಾಯ್ತು, ಎರಡು ವಾರ ಬಿಟ್ಟು ಮುಂದುವರಿಸಿ ಅಂದರು. ತಿಂಗಳುಗಟ್ಟಲೆ ದಿನಾ ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ, ಕೊನೆಗೆ ಕಿಡ್ನಿಗೇ ಪೆಟ್ಟು. ಡಿ ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಉಳಿಯುತ್ತೆ, ಬಿ ವಿಟಮಿನ್ ಥರ ಮೂತ್ರದಲ್ಲಿ ಹೋಗಲ್ಲ. ಆಮೇಲೆ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಕೆಂಪು ಸುತ್ತು ಹಾಕಿದೆ. ಊಟ ಆದ ಮೇಲೆ, ಕೆನೆ ತೆಗೆಯದ ಒಂದು ಲೋಟ ಹಾಲಿಗೆ ಪುಡಿ. ಖಾಲಿ ಹೊಟ್ಟೆಗಿಂತ ಕೊಬ್ಬಿರುವ ಊಟದ ಜೊತೆ ಚೆನ್ನಾಗಿ ಹಿಡಿಯುತ್ತೆ.

(ಅಮ್ಮನಿಗೆ ಇನ್ನೂ ಹೇಳಿಲ್ಲ: ಈ ಪುಡಿಯಲ್ಲಿರುವ ಡಿ3 ಅನ್ನೋ ವಿಟಮಿನ್ ಡಿಯನ್ನು ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಮಾಡುತ್ತಾರೆ.)

ಊಟದಿಂದ ಎಷ್ಟು ಸಿಗುತ್ತೆ? ನಮ್ಮಂಥ ಸಸ್ಯಾಹಾರಿಗಳಿಗೆ ಹೆಚ್ಚೇನೂ ಇಲ್ಲ. ಬೂತಾಯಿ ಮೀನು ತಿನ್ನುವ ಕರಾವಳಿಯವರು ವಾಸಿ. ರಾಗಿಯಲ್ಲಿ ನೂರು ಗ್ರಾಂಗೆ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಆದರೆ ಅದನ್ನು ಕರುಳಿನಿಂದ ಎಳೆದುಕೊಳ್ಳಲು ಡಿ ಬೇಕು. ಮುದ್ದೆ ತಿಂದೂ ನನ್ನ ಮೂಳೆಗೆ ಸರಿಯಾಗಿ ದಕ್ಕದೆ ಇದ್ದದ್ದು ಅದಕ್ಕೇ ಇರಬೇಕು.

ಇಂಗ್ಲೆಂಡಿನಲ್ಲಿರುವ ತಂಗಿಗೆ ಈ ನೆರಳಿನ ಲೆಕ್ಕ ಹೇಳಿದೆ. ಡಿಸೆಂಬರಿನಲ್ಲಿ ಅವಳಿಗೆ ನಡುಮಧ್ಯಾಹ್ನವೂ ನೆರಳು ಮಾರುದ್ದ ಬೀಳುತ್ತಂತೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯವರೇ ಚಳಿಗಾಲಕ್ಕೆ ದಿನಾ 400 ಐಯು ತಗೊಳ್ಳಿ ಅನ್ನುತ್ತಾರೆ. ಶಿವಮೊಗ್ಗದಲ್ಲಿ ಡಿಸೆಂಬರಿನ ಮಧ್ಯಾಹ್ನವೂ ನನ್ನ ನೆರಳು ನನಗಿಂತ ಗಿಡ್ಡವೇ. ನಮಗೆ ಕಷ್ಟ ಕೊಡೋದು ಮಳೆಗಾಲದ ಮೋಡ.

ಮೂರು ತಿಂಗಳಾದ ಮೇಲೆ ಮತ್ತೆ ಟೆಸ್ಟ್. ಅದಕ್ಕೂ ಮುಂಚೆ ಮಾಡಿಸಿದರೆ ದುಡ್ಡು ದಂಡ, ಮಟ್ಟ ಒಂದು ಕಡೆ ನಿಲ್ಲಲು ಅಷ್ಟು ಹೊತ್ತು ಬೇಕು. 31 ಬಂತು. ಚೌಕಟ್ಟು ಹಿಡಿಯದೆ ಏಳುತ್ತೇನೆ. ಬಲಮಂಡಿ ನೋವು ಮಾತ್ರ ಹಾಗೇ ಇದೆ, ಅದು ಸವೆತವಂತೆ, ಡಿಗೂ ಅದಕ್ಕೂ ಸಂಬಂಧ ಇಲ್ಲ. ಈಗ ತಿಂಗಳಿಗೊಂದು ಪ್ಯಾಕೆಟ್. ಸಂಡಿಗೆ ಕಾಯುವ, ಕಾಗೆ ಓಡಿಸುವ ಕೆಲಸವನ್ನು ಅಮ್ಮ ನನಗೇ ವಹಿಸಿದ್ದಾಳೆ.