ಹಿಮ್ಮಡಿಗೆ ಮುರುಗಲ ತುಪ್ಪ

ಬಕೆಟ್ ನೀರಿಗೆ ಎಂಟು ಹನಿ ಮಜ್ಜಿಗೆ ಹುಲ್ಲಿನ (ಲೆಮನ್ ಗ್ರಾಸ್) ಎಣ್ಣೆ ಹಾಕಿ ಸ್ನಾನ ಮಾಡಿದ್ದೆ. ಘಮಘಮ ಅನ್ನುವುದೇನೋ ಸರಿ, ಐದು ನಿಮಿಷಕ್ಕೆ ಹೊಟ್ಟೆ, ತೊಡೆಯೆಲ್ಲ ಕೆಂಪಾಗಿ ಉರಿ ಹತ್ತಿತು. ಈ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಮೇಲೆ ತೇಲುತ್ತದೆ, ಚೆಂಬಿನಲ್ಲಿ ಮೊಗೆದಾಗ ಹಾಗೇ ಮೈಗೆ ಅಂಟುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಸಿಟ್ರಾಲ್. ನಿಂಬೆಯ ಪರಿಮಳವೂ ಅದರದ್ದೇ, ಉರಿಯೂ ಅದರದ್ದೇ. ನೀರು ಹೊಯ್ದುಕೊಂಡಷ್ಟೂ ಉರಿ ಹೋಗಲಿಲ್ಲ. ಕೊನೆಗೆ ತೆಂಗಿನೆಣ್ಣೆ ಸವರಿ, ಬಟ್ಟೆಯಲ್ಲಿ ಒರೆಸಿ, ಸೋಪು ಹಾಕಿ ತೊಳೆದ ಮೇಲೆ ತಣ್ಣಗಾಯಿತು.

ಅಲ್ಲಿಗೆ ನನಗೆ ಬುದ್ಧಿ ಬಂತು. ಚರ್ಮಕ್ಕೆ ಕೆಲಸ ಮಾಡುವುದು ಬೆರೆಸುವ ಎಣ್ಣೆ, ಅಂದರೆ ಈ ಹನಿಗಳನ್ನು ಯಾವುದರಲ್ಲಿ ಕಲಸುತ್ತೇವೋ ಅದು. ಹನಿಗಳು ಬರೀ ಪರಿಮಳಕ್ಕೆ. ಹಾಗಾದರೆ ನನ್ನ ಒಡೆದ ಹಿಮ್ಮಡಿಗೂ ಮೊದಲು ಒಳ್ಳೆಯ ಬೆರೆಸುವ ಎಣ್ಣೆ ಬೇಕಲ್ವಾ? ನಮ್ಮ ಶಿರಸಿ ಕಡೆ ಅದಕ್ಕೆ ದೂರ ಹೋಗಬೇಕಿಲ್ಲ. ಮುರುಗಲು ಇದೆ. ಮಂಗಳೂರಿನವರ ಪುನರ್ಪುಳಿ, ಅಂಗಡಿಯವರ ಕೋಕಂ. ಸಿಪ್ಪೆ ಒಣಗಿಸಿ ಸಾರಿಗೆ, ಪಾನಕಕ್ಕೆ ಇಟ್ಟುಕೊಳ್ಳುತ್ತೇವೆ. ಬೀಜ ಎಷ್ಟೋ ಮನೆಗಳಲ್ಲಿ ಗೊಬ್ಬರದ ಗುಂಡಿಗೆ ಹೋಗುತ್ತದೆ. ಮುರುಗಲ ತುಪ್ಪ ಅನ್ನುವುದು ಆ ಬೀಜದ ಕೊಬ್ಬನ್ನೇ.

ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಸಿಗುತ್ತದೆ. ಮಳೆ ಹಿಡಿಯುವ ಮೊದಲು ಬೀಜ ಒಣಗಲೇಬೇಕು, ಇಲ್ಲದಿದ್ದರೆ ಬೂಸಲು. ಬೂದಿ ಹಚ್ಚಿ ಉಜ್ಜಿ, ತಿರುಳಿನ ಅಂಟು ತೆಗೆದು, ಅಂಗಳದಲ್ಲಿ ಹತ್ತು ಬಿಸಿಲು ಕಾಯಿಸಿದೆ. ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನಬೇಕು. ಸಿಪ್ಪೆ ಒಡೆದು, ಒರಳಿನಲ್ಲಿ ಕುಟ್ಟಿ, ಪುಡಿಯನ್ನು ದೊಡ್ಡ ಪಾತ್ರೆಯಲ್ಲಿ ನೀರಿಗೆ ಹಾಕಿ ಕುದಿಸಿದೆ. ತುಪ್ಪ ಮೇಲೆ ತೇಲುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಬಿಳಿ ಹಲಗೆಯ ಹಾಗೆ ಗಟ್ಟಿಯಾಗಿರುತ್ತದೆ. 3 ಕೆ.ಜಿ. ಒಣ ಬೀಜಕ್ಕೆ ನನಗೆ ಸಿಕ್ಕಿದ್ದು 600 ಗ್ರಾಂ ಚಿಲ್ಲರೆ. ಕೈ ಪಳಗಿದವರಿಗೆ ಇನ್ನೂ ಜಾಸ್ತಿ ಬರುತ್ತದೆ.

ಮೊದಲ ಸಲದ್ದು ಮೂರೇ ವಾರಕ್ಕೆ ಕಮಟು ವಾಸನೆ ಹೊಡೆಯಿತು. ಅತ್ತೆ ಬೆರಳಲ್ಲಿ ಒತ್ತಿ ನೋಡಿ, "ನೀರು ಆರಿಸಿಯೇ ಇಲ್ಲ ನೀನು" ಅಂದರು. ಮೇಲಿನ ಹಲಗೆ ತೆಗೆದು ಬಾಣಲೆಯಲ್ಲಿ ಸಣ್ಣ ಉರಿಗೆ ಮತ್ತೆ ಕಾಯಿಸಬೇಕಂತೆ. ಚಟಪಟ ಸದ್ದು ಪೂರ್ತಿ ನಿಲ್ಲುವವರೆಗೆ, ಥೇಟ್ ಬೆಣ್ಣೆ ಕಾಯಿಸಿದ ಹಾಗೆ. ಆಮೇಲೆ ಬಟ್ಟೆಯಲ್ಲಿ ಸೋಸಿ, ಒಣಗಿದ ಡಬ್ಬಕ್ಕೆ. ಎರಡನೇ ಸಲ ಹಾಗೆ ಮಾಡಿದ್ದು ವರ್ಷ ಕಳೆದರೂ ಕೆಟ್ಟಿಲ್ಲ.

ಮುರುಗಲ ತುಪ್ಪ ಕಲ್ಲಿನಷ್ಟು ಗಟ್ಟಿ. ಹೆಚ್ಚುಕಡಿಮೆ ಮೈಯ ಬಿಸಿಗಿಂತ ಮೇಲೇ ಕರಗುವುದರಿಂದ ಹಾಗೇ ಉಜ್ಜಿದರೆ ಬೇಗ ಹರಡುವುದಿಲ್ಲ. ಅದಕ್ಕೆ 50 ಗ್ರಾಂ ತುಪ್ಪಕ್ಕೆ 100 ಗ್ರಾಂ ತೆಂಗಿನೆಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸುತ್ತೇನೆ. ಬೆರಳಿಗೆ ಉಗುರು ಬೆಚ್ಚಗಾದ ಮೇಲೆ ಮಜ್ಜಿಗೆ ಹುಲ್ಲಿನ ಎಣ್ಣೆ 20 ಹನಿ, ಅಂದರೆ ಸುಮಾರು 1 ಮಿ.ಲೀ. ಇದಕ್ಕಿಂತ ಜಾಸ್ತಿ ಬೇಡ. ಬಿಸಿ ಇರುವಾಗಲೇ ಹಾಕಿದರೆ ಪರಿಮಳವೆಲ್ಲ ಅಡುಗೆಮನೆಗೆ! ನೂರು ಕೆ.ಜಿ. ಹುಲ್ಲು ಭಟ್ಟಿ ಇಳಿಸಿದರೂ ಅರ್ಧ ಲೀಟರ್ ಸಿಕ್ಕರೆ ಹೆಚ್ಚು. ಸುಮ್ನೆ ಆವಿ ಮಾಡಿ ಕಳೆಯಲು ಮನಸ್ಸು ಬರುವುದಿಲ್ಲ.

ಯಾರಿಗೆ ಕೊಟ್ಟರೂ ಮೊದಲು ಮುಂಗೈ ಒಳಭಾಗಕ್ಕೆ ಒಂದು ಚೂರು ಹಚ್ಚಿ, ಒಂದೆರಡು ದಿನ ನೋಡಿ ಅನ್ನುತ್ತೇನೆ. ಬಸುರಿಯರಿಗೆ, ಮಕ್ಕಳಿಗೆ ಹನಿ ಹಾಕದ್ದನ್ನೇ ಕೊಡುತ್ತೇನೆ. ಹಿಮ್ಮಡಿ ಆಳವಾಗಿ ಒಡೆದು ರಕ್ತ ಬರುತ್ತಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ನನ್ನ ಡಬ್ಬ ಬೇಡ, ಡಾಕ್ಟರ ಹತ್ತಿರ ಹೋಗಬೇಕು.

ನಾನು ರಾತ್ರಿ ಕಾಲು ತೊಳೆದು, ಒದ್ದೆ ಪೂರ್ತಿ ಆರುವ ಮೊದಲೇ ಹಚ್ಚಿ, ಹಳೆ ಸಾಕ್ಸ್ ಹಾಕಿ ಮಲಗುತ್ತೇನೆ. ಹತ್ತು ದಿನಕ್ಕೆ ಬಿರುಕು ಕೂಡುತ್ತಾ ಬಂತು.

ಅತ್ತೆ ಮಾತ್ರ ನನ್ನ ಡಬ್ಬ ಮುಟ್ಟುವುದಿಲ್ಲ. ತುಪ್ಪದ ಉಂಡೆಯನ್ನೇ ಬಚ್ಚಲೊಲೆಯ ಬಿಸಿಗೆ ಹಿಡಿದು, ಜಿನುಗುವಾಗ ಹಿಮ್ಮಡಿಗೆ ತಿಕ್ಕುತ್ತಾರೆ. "ಕಾಲಿಗೆ ಪರಿಮಳ ಯಾಕೆ ಬೇಕು?" ಅನ್ನುತ್ತಾರೆ.