ಪುಟ ಮಗುಚುವ ಸದ್ದು ಕೇಳಿಸದ ಹಾಗೆ ಹಾಡಿನ ಪುಸ್ತಿಕೆ ಮಾಡುವುದು

ಮೂರು ದಿನದ ಒಂದು ಹಾಡಿನ ಹಬ್ಬಕ್ಕೆ ಒಂಬತ್ತು ವರ್ಷದಿಂದ ಹಾಡುಗಳ ಸಾಹಿತ್ಯ, ಅದರ ಅನುವಾದ ಇರುವ ಪುಸ್ತಿಕೆ ಮಾಡಿಕೊಡುತ್ತಿದ್ದೇನೆ. ಲಾಭಕ್ಕೆ ನಡೆಸುವ ಹಬ್ಬವಲ್ಲ. ದೇಣಿಗೆಯಲ್ಲಿ ನಡೆಯುತ್ತದೆ, ಕುರ್ಚಿ ಹಾಕುವವರಿಂದ ಲೆಕ್ಕ ಬರೆಯುವವರವರೆಗೆ ಎಲ್ಲರೂ ಸ್ವಯಂಸೇವಕರು. ನಾನು ಮೊದಲು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವಳು. ಪಿಯಾನೊ ನುಡಿಸುವ ಅಕ್ಕನ ಮಗಳು ಒಂದು ದಿನ ಫೋನ್ ಮಾಡಿ, "ಚಿಕ್ಕಮ್ಮ, ಸುಮ್ನೆ ಒಂದ್ಸಲ ಕಣ್ಣಾಡಿಸಿಕೊಡು, ಸಾಕು" ಅಂದಳು. ಆ ಒಂದ್ಸಲ ಇನ್ನೂ ಮುಗಿದಿಲ್ಲ.

ನಮ್ಮ ಹಬ್ಬದಲ್ಲಿ ನಡೆಯುವುದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆರ್ಟ್ ಸಾಂಗ್ ಕಛೇರಿ. ಅಲ್ಲಿ ಇರುವುದು ಒಬ್ಬ ಗಾಯಕಿ ಅಥವಾ ಗಾಯಕ, ಒಂದು ಪಿಯಾನೊ, ಒಂದು ಕವಿತೆ. ಆಪೆರಾದಲ್ಲಿರುವ ವೇಷ, ಪರದೆ, ಕುಣಿತ ಏನೂ ಇಲ್ಲ. ಸಾಮಾನ್ಯವಾಗಿ ಮೈಕ್ ಕೂಡ ಇರುವುದಿಲ್ಲ. ಇದನ್ನು ಜರ್ಮನ್‌ನಲ್ಲಿ ಲೀಡ್ (ಬಹುವಚನ ಲೀಡರ್) ಅನ್ನುತ್ತಾರೆ, ಫ್ರೆಂಚ್‌ನಲ್ಲಿ ಮೆಲೊಡಿ. ನಮ್ಮ ಭಾವಗೀತೆಯ ದೂರದ ನೆಂಟ ಅಂದುಕೊಳ್ಳಿ. ಕವಿತೆ ಅರ್ಥವಾಗದಿದ್ದರೆ ಕೇಳುಗರಿಗೆ ಅರ್ಧ ಕಛೇರಿ ಸಿಕ್ಕ ಹಾಗೆ. ಅದಕ್ಕೇ ಹೂವು, ಬ್ಯಾನರಿನ ಖರ್ಚು ಕಡಿಮೆ ಮಾಡಿ ಪುಸ್ತಿಕೆಗೆ ಹಾಕಿ ಅಂತ ಪ್ರತಿ ವರ್ಷ ಸಮಿತಿಯ ಜೊತೆ ಜಗಳ ಆಡುತ್ತೇನೆ. ಅರ್ಧ ಸಲ ಗೆಲ್ಲುತ್ತೇನೆ.

ಕೆಲಸವನ್ನು ಎಂಟು ವಾರ ಮುಂಚೆ ಶುರು ಮಾಡಿ. ಗಾಯಕರಿಂದ ಬರೀ ಹಾಡಿನ ಹೆಸರು ತೆಗೆದುಕೊಂಡರೆ ಆಗುವುದಿಲ್ಲ. ಸಂಯೋಜಕರು ಯಾರು, ಕವಿ ಯಾರು, ಯಾವ ಆವೃತ್ತಿಯ ಸ್ಕೋರ್ (ಸ್ವರಲಿಪಿಯ ಪುಸ್ತಕ), ಎಷ್ಟು ನುಡಿ ಹಾಡುತ್ತೀರಿ, ಎಲ್ಲ ಕೇಳಿ. ಜರ್ಮನ್ ಕವಿ ಗಯಟೆಯ 'ಮಿನ್ಯೋನ್' ಕವಿತೆಯನ್ನೇ ನೋಡಿ. ನಿಂಬೆ ಹೂ ಬಿಡುವ ನಾಡು ಗೊತ್ತೇ ನಿನಗೆ ಅಂತ ಶುರುವಾಗುತ್ತದಲ್ಲ, ಅದು. ಬೆಥೊವನ್, ಶೂಬರ್ಟ್, ಶೂಮನ್, ಲಿಸ್ಟ್, ವುಲ್ಫ್ ಐದೂ ಜನ ಅದಕ್ಕೆ ಸಂಗೀತ ಹಾಕಿದ್ದಾರೆ. ಪಟ್ಟಿಯಲ್ಲಿ 'ಮಿನ್ಯೋನ್' ಅಂತಷ್ಟೇ ಬಂದರೆ ನೀವು ಏನಂತ ಅಚ್ಚು ಹಾಕುತ್ತೀರಿ? ಎಲ್ಲ ನುಡಿಗೂ ಒಂದೇ ಧಾಟಿ ಇರುವ ಹಾಡಾದರೆ ಗಾಯಕರು ನಡುವಿನ ಒಂದೆರಡು ನುಡಿ ಬಿಟ್ಟುಬಿಡುವುದೂ ಉಂಟು. ಅದು ಮೊದಲೇ ಗೊತ್ತಿರಲಿ. ಇಲ್ಲದಿದ್ದರೆ ಸಭೆಯೆಲ್ಲ ಮೂರನೇ ನುಡಿಯಲ್ಲಿ ದಾರಿ ತಪ್ಪಿ ಪುಟದ ಮೇಲೆ ಬೆರಳಾಡಿಸುತ್ತಾ ಕೂರುತ್ತದೆ.

ಸಾಹಿತ್ಯವನ್ನು ಎಲ್ಲಿಂದ ತೆಗೆದುಕೊಳ್ಳಬೇಕು? ಸ್ಕೋರಿನಿಂದ. ಕವಿಯ ಕವನ ಸಂಕಲನದಿಂದ ಬೇಡ. ಹೊಸಬರು ಇಲ್ಲೇ ಎಡವುತ್ತಾರೆ, ನಾನೂ ಎಡವಿದ್ದೇನೆ. ಸಂಯೋಜಕರು ಕವಿತೆಯನ್ನು ಇದ್ದ ಹಾಗೆ ಬಿಡುವವರಲ್ಲ. ಶೂಬರ್ಟ್ 1814ರಲ್ಲಿ, 17ನೇ ವಯಸ್ಸಿಗೆ, ಗಯಟೆಯ 'ಫೌಸ್ಟ್' ನಾಟಕದಲ್ಲಿ ರಾಟೆಯ ಮುಂದೆ ಕೂತ ಹುಡುಗಿ ಗ್ರೆಟ್ಶೆನ್‌ಳ ಹಾಡು ಬರೆದ. ನನ್ನ ನೆಮ್ಮದಿ ಹೋಯಿತು, ನನ್ನೆದೆ ಭಾರ ಅನ್ನುವ ಸಾಲು ಅವನ ಹಾಡಿನ ಕೊನೆಗೆ ಮತ್ತೆ ಬರುತ್ತದೆ. ಗಯಟೆಯ ಕವಿತೆ ಹಾಗೆ ಮುಗಿಯುವುದಿಲ್ಲ. ಶೂಮನ್ 1840ರಲ್ಲಿ ಹೈನೆಯ ಕವಿತೆಗಳಿಗೆ 'ಡಿಖ್ಟರ್‌ಲೀಬೆ', ಕವಿಯ ಒಲವು, ಅನ್ನುವ ಹಾಡಿನ ಸರಮಾಲೆ ಮಾಡಿದಾಗ 20 ಹಾಡು ಇದ್ದವು. ಅಚ್ಚಾದಾಗ ಉಳಿದದ್ದು 16. ಇನ್ನು 1827ರ 'ವಿಂಟರ್‌ರೈಸೆ', ಚಳಿಗಾಲದ ಪಯಣ, 24 ಹಾಡುಗಳ ಸರಮಾಲೆ. ಶೂಬರ್ಟ್‌ಗೆ ಮೊದಲು ಸಿಕ್ಕಿದ್ದು ಮ್ಯೂಲರ್‌ನ 12 ಕವಿತೆ ಮಾತ್ರ, ಉಳಿದವು ಆಮೇಲೆ ಸಿಕ್ಕವು. ಹೀಗಾಗಿ ಅವನ ಕ್ರಮ ಬೇರೆ, ಕವಿಯ ಕ್ರಮ ಬೇರೆ. ಅಂಚೆಗಾಡಿಯ ಹಾಡು ಶೂಬರ್ಟ್‌ನಲ್ಲಿ 13ನೆಯದು, ಮ್ಯೂಲರ್‌ನ ಪುಸ್ತಕದಲ್ಲಿ 6ನೆಯದು. ಪುಸ್ತಕದಿಂದ ಎತ್ತಿ ಹಾಕಿದರೆ ಕೇಳುಗರು ಆರನೇ ಹಾಡಿಗೆ ಕುದುರೆಗಾಡಿಯ ತುತ್ತೂರಿಗಾಗಿ ಕಾಯುತ್ತಾರೆ. ಗಾಯಕ ಕಣ್ಣೀರಿನ ಬಗ್ಗೆ ಹಾಡುತ್ತಿರುತ್ತಾನೆ.

ಸ್ಕೋರಿನಿಂದ ನಕಲು ಮಾಡುವಾಗ ಇನ್ನೊಂದು ಕಿರಿಕಿರಿ. ಸ್ವರದ ಕೆಳಗೆ ಪದಗಳನ್ನು ತುಂಡು ತುಂಡಾಗಿ ಹಾಕಿರುತ್ತಾರೆ. ಸೇರಿಸಿ ಬರೆದು, ಕವಿತೆಯ ಸಾಲುಗಳಾಗಿ ಒಡೆಯಬೇಕು. ಸಾಲು ಎಲ್ಲಿ ಮುರಿಯುತ್ತದೆ ಅಂತ ನೋಡಲಿಕ್ಕೆ ಮಾತ್ರ ಕವನ ಸಂಕಲನ ಪಕ್ಕದಲ್ಲಿರಲಿ. ಎಮಿಲಿ ಎಜಸ್ಟ್ 1995ರಲ್ಲಿ ಶುರು ಮಾಡಿದ ಲೀಡರ್‌ನೆಟ್ ಅನ್ನುವ ಅಂತರ್ಜಾಲದ ಸಂಗ್ರಹದಲ್ಲಿ ಮೂಲ ಸಾಹಿತ್ಯವೂ ಅನುವಾದಗಳೂ ರಾಶಿ ರಾಶಿ ಸಿಗುತ್ತವೆ. ಆದರೆ ಅಲ್ಲಿಯ ಅನುವಾದವನ್ನು ಹಾಗೇ ಎತ್ತಿ ಅಚ್ಚು ಹಾಕಬೇಡಿ, ಅನುಮತಿ ಕೇಳಿ. ಹೈನೆ ತೀರಿಕೊಂಡದ್ದು 1856ರಲ್ಲಿ, ಅವನ ಕವಿತೆಗೆ ಹಕ್ಕಿನ ತಕರಾರಿಲ್ಲ. ಅದನ್ನು ಹೋದ ವರ್ಷ ಅನುವಾದ ಮಾಡಿದವರಿಗೆ ಹಕ್ಕು ಇದ್ದೇ ಇದೆ. ಬಹಳಷ್ಟು ದೇಶಗಳಲ್ಲಿ ಬರೆದವರು ತೀರಿಕೊಂಡ ಮೇಲೆ 70 ವರ್ಷ, ಕೆಲವು ಕಡೆ 60 ಅಥವಾ 50. ನಾವು ಲಾಭ ಮಾಡುತ್ತಿಲ್ಲ, ನಮ್ಮನ್ನು ಯಾರು ಕೇಳುತ್ತಾರೆ ಅಂತ ಸಮಿತಿಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಕೇಳುತ್ತಾರೆ. ಒಂದು ಕಾಗದ ಬರೆದರೆ ಅನುವಾದಕರು ಎಷ್ಟೋ ಸಲ ಹೆಸರು ಹಾಕಿದರೆ ಸಾಕು ಅನ್ನುತ್ತಾರೆ. ಬರೆಯಲು ಏನು ಕಷ್ಟ?

ಈಗ ಅನುವಾದ. ಇಲ್ಲಿ ನನ್ನ ಹಟ ಜಾಸ್ತಿ. ಚೆಂದದ ಪದ್ಯಾನುವಾದ ನನಗೆ ಬೇಡ. ಪ್ರಾಸ ಕೂಡಿಸಲು ಹೋದರೆ ಅರ್ಥ ಸಾಲು ದಾಟಿ ಎಲ್ಲೆಲ್ಲೋ ಕೂರುತ್ತದೆ. ಎಡಗಡೆ ಮೂಲ, ಬಲಗಡೆ ಅನುವಾದ, ಸಾಲಿಗೆ ಸಾಲು ಎದುರೆದುರು. ಸಾಧ್ಯವಾದಷ್ಟೂ ಆ ಪದ ಕಿವಿಗೆ ಬೀಳುವ ಹೊತ್ತಿಗೇ ಅದರ ಅರ್ಥ ಕಣ್ಣಿಗೆ ಬೀಳಬೇಕು. ವಿಂಟರ್‌ರೈಸೆಯ ಮೊದಲ ಪದವೇ 'ಫ್ರೆಮ್ಟ್', ಪರಕೀಯ. ಎರಡನೇ ಸಾಲೂ ಅದೇ ಪದದಿಂದ ಶುರು. ನನ್ನ ಮೊದಲ ಕರಡಿನಲ್ಲಿ "ಬರುವಾಗಲೂ ಹೋಗುವಾಗಲೂ ನಾನು ಈ ಊರಿನವನಲ್ಲ" ಅಂತ ಬರೆದು ಹೆಮ್ಮೆ ಪಟ್ಟಿದ್ದೆ. ಅಕ್ಕನ ಮಗಳು ಪಿಯಾನೊದಲ್ಲಿ ನುಡಿಸಿ ತೋರಿಸಿದಳು. ಎರಡು ಸಲ ಬಂದು ಬಡಿಯುವ ಆ ಪದವೇ ನನ್ನ ಸಾಲಿನಲ್ಲಿ ಇರಲಿಲ್ಲ. ಈಗ ಇರುವುದು "ಪರಕೀಯನಾಗಿ ಬಂದೆ, / ಪರಕೀಯನಾಗಿಯೇ ಹೊರಟೆ". ಪದಗಳನ್ನು ಹಿಂದೆ ಮುಂದೆ ಮಾಡಲು ಕನ್ನಡ ಎಷ್ಟು ಬಿಡುತ್ತದೆ ಅಂತ ನನಗೆ ಗೊತ್ತಾಗಿದ್ದೇ ಈ ಕೆಲಸದಲ್ಲಿ.

ಕೊನೆಯ ಪದದ ವಿಷಯದಲ್ಲಂತೂ ಕನ್ನಡಕ್ಕೆ ಅದೃಷ್ಟ. ಶೂಬರ್ಟ್‌ನ 1815ರ 'ಎರ್ಲ್‌ಕೋನಿಗ್' ಹಾಡಿನಲ್ಲಿ ಅಪ್ಪ ಕಾಯಿಲೆ ಮಗುವನ್ನು ತಬ್ಬಿಕೊಂಡು ರಾತ್ರಿಯಲ್ಲಿ ಕುದುರೆ ಓಡಿಸುತ್ತಾನೆ. ಪಿಯಾನೊದ ಬಲಗೈ ಹಾಡಿನುದ್ದಕ್ಕೂ ಗೊರಸಿನ ಹಾಗೆ ಬಡಿಯುತ್ತದೆ. ಕೊನೆಯಲ್ಲಿ ಆ ಓಟ ನಿಲ್ಲುತ್ತದೆ, ಗಾಯಕಿ ಬರೀ ಮಾತಿನ ಹಾಗೆ ಹೇಳುತ್ತಾಳೆ: ಅವನ ತೋಳಿನಲ್ಲಿ ಮಗು ಸತ್ತಿತ್ತು. 'ಸತ್ತಿತ್ತು' ಕೊನೆಗೇ ಬರಬೇಕು. ನಮ್ಮಲ್ಲಿ ಕ್ರಿಯಾಪದ ತಾನಾಗಿಯೇ ಕೊನೆಗೆ ಬರುತ್ತದೆ. ಅದನ್ನು "ಸತ್ತ ಮಗು ಅವನ ತೋಳಿನಲ್ಲಿತ್ತು" ಅಂತ ತಿದ್ದಿ ಕೆಡಿಸಬೇಡಿ. ಅಂದ ಹಾಗೆ ಈ ಹಾಡಿನಲ್ಲಿ ನಿರೂಪಕ, ಅಪ್ಪ, ಮಗು, ಮಾಯಾವಿ ರಾಜ, ನಾಲ್ಕೂ ದನಿ ಒಬ್ಬರೇ ಹಾಡುತ್ತಾರೆ. ಯಾರ ಮಾತು ಯಾವುದು ಅಂತ ಅಂಚಿನಲ್ಲಿ ಸಣ್ಣದಾಗಿ ಹಾಕಿದರೆ ಕೇಳುಗರಿಗೆ ಉಪಕಾರ.

ಶೂಬರ್ಟ್‌ನದೇ 'ಸಾವು ಮತ್ತು ಹುಡುಗಿ' ಹಾಡಿನಲ್ಲಿ ಬೇರೆ ಥರದ ಪೇಚು. ಜರ್ಮನ್‌ನಲ್ಲಿ ಸಾವು ಗಂಡಸು, ನಮ್ಮಲ್ಲಿ ನಪುಂಸಕ ಲಿಂಗ. ಯಮ ಅಂತ ಬರೆದರೆ ಅವನ ಜೊತೆ ಕೋಣವೂ ಸಭೆಗೆ ಬರುತ್ತದೆ. ಬೇಡವೇ ಬೇಡ. ಸಾವು ಅಂತಲೇ ಇಟ್ಟು, ಅವನ ಮಾತಿಗೆ ಬಂದಾಗ "ಗೆಳೆಯ ನಾನು, ದಂಡಿಸಲು ಬಂದವನಲ್ಲ" ಅಂತ ಬರೆದೆ. 'ಬಂದವನಲ್ಲ' ಅನ್ನುವ ಒಂದು ಪದದಲ್ಲಿ ಕೆಲಸ ಮುಗಿಯಿತು.

ಇಂಗ್ಲಿಷ್ ಅನುವಾದ ನೋಡಿಕೊಂಡು ಕನ್ನಡಕ್ಕೆ ತರುವವರು ಹುಷಾರಾಗಿರಿ. ವಿಂಟರ್‌ರೈಸೆಯ ಐದನೇ ಹಾಡು ಲಿಂಡನ್ ಮರದ್ದು. ಇಂಗ್ಲಿಷರು ಅದನ್ನು ಲೈಮ್ ಟ್ರೀ ಅಂತಲೂ ಕರೆಯುತ್ತಾರೆ. ನನ್ನ ಮೊದಲ ವರ್ಷದ ಪುಸ್ತಿಕೆಯಲ್ಲಿ ಪ್ರೇಮಿಯೊಬ್ಬ ನಿಂಬೆ ಮರದ ತೊಗಟೆಯ ಮೇಲೆ ಒಲವಿನ ಮಾತು ಕೆತ್ತುತ್ತಾನೆ. ಆ ಪ್ರತಿಗಳು ಇನ್ನೂ ಯಾರ ಯಾರ ಮನೆಯಲ್ಲಿವೆಯೋ! ಮರದ ಹೆಸರು ಗೊತ್ತಿಲ್ಲದಿದ್ದರೆ 'ಲಿಂಡನ್ ಮರ' ಅಂತಲೇ ಬಿಡಿ.

ಪುಟ ಕಟ್ಟುವಾಗಿನ ತಪ್ಪು ಎಲ್ಲಕ್ಕಿಂತ ಜೋರಾಗಿ ಕೇಳುತ್ತದೆ. ವಿಂಟರ್‌ರೈಸೆಯ ಕೊನೆಯ ಹಾಡಿನಲ್ಲಿ ಒಬ್ಬ ಮುದುಕ ಬರಿಗಾಲಲ್ಲಿ ಮಂಜಿನ ಮೇಲೆ ನಿಂತು, ಹಿಡಿ ತಿರುಗಿಸುವ ವಾದ್ಯ ನುಡಿಸುತ್ತಿರುತ್ತಾನೆ. ತಟ್ಟೆಯಲ್ಲಿ ಕಾಸಿಲ್ಲ, ಕೇಳುವವರಿಲ್ಲ. ಪಿಯಾನೊದ ಎಡಗೈಯಲ್ಲಿ ಎರಡೇ ಸ್ವರ, ಮೆಲ್ಲಗೆ, ಮತ್ತೆ ಮತ್ತೆ. ನಾನು ಆ ಹಾಡನ್ನು ಹೊಸ ಪುಟಕ್ಕೆ ಹಾಕಿದ್ದೆ. ಪಿಯಾನೊ ಶುರುವಾಯಿತು, ಇಡೀ ಸಭೆ ಒಟ್ಟಿಗೆ ಪುಟ ಮಗುಚಿತು. ಪಟಪಟ ಅಂತ ಪಾರಿವಾಳದ ಹಿಂಡು ಎದ್ದ ಹಾಗೆ. ನುಡಿಸುತ್ತಿದ್ದವಳು ನನ್ನ ಅಕ್ಕನ ಮಗಳೇ. ಮುಗಿದ ಮೇಲೆ ಅವಳು ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಗಿನಿಂದ ಪುಟ ಕಟ್ಟುವ ಮುಂಚೆ ಹಾಡುಗಳನ್ನು ಕೇಳುತ್ತೇನೆ, ಪೆನ್ಸಿಲ್ ಹಿಡಿದು. ಯಾವ ಹಾಡು ಗಟ್ಟಿಯಾಗಿ ಮುಗಿಯುತ್ತದೆ, ಯಾವುದರ ನಂತರ ಉಸಿರಾಡಲು ಜಾಗ ಇದೆ ಅಂತ ಗುರುತು ಹಾಕುತ್ತೇನೆ. ಮಗುಚುವುದು ಅಲ್ಲಿಗೆ ಬರಬೇಕು. ವಿಂಟರ್‌ರೈಸೆಯಲ್ಲಿ 22ನೇ ಹಾಡು ಆವೇಶದ್ದು, ಅದರ ನಂತರ ಮಗುಚಿಸಿ, 23 ಮತ್ತು 24 ಎದುರುಬದುರು ಪುಟದಲ್ಲಿ ಬರಲಿ. ಒಂದು ಹಾಡಿನ ನಡುವೆ ಮಗುಚುವುದು ಎಂದೂ ಬೇಡ. ಜಾಗ ಸಾಲದಿದ್ದರೆ ಕಲಾವಿದರ ಪರಿಚಯ ಕತ್ತರಿಸಿ, ಪ್ರಶಸ್ತಿಗಳ ಪಟ್ಟಿ ಯಾರೂ ಓದುವುದಿಲ್ಲ. ಮಡಚಿ ನಡುವೆ ಪಿನ್ ಹೊಡೆಯುವ ಪುಸ್ತಿಕೆಗೆ ಪುಟಗಳು ನಾಲ್ಕರ ಮಗ್ಗಿಯಲ್ಲೇ ಇರಬೇಕು, 16 ಅಥವಾ 20. ಖಾಲಿ ಪುಟ ಉಳಿದರೆ ಅದನ್ನು ಮಗುಚುವ ಜಾಗ ಸರಿಮಾಡಲು ಬಳಸಿಕೊಳ್ಳಿ. ಹೊಳೆಯುವ ಕಾಗದ ಬೇಡ, ಸದ್ದು ಮಾಡುತ್ತದೆ, ದೀಪದ ಬೆಳಕೂ ಕಣ್ಣಿಗೆ ಹೊಡೆಯುತ್ತದೆ. ಮೆತ್ತಗಿನ, ಹೊಳಪಿಲ್ಲದ ಕಾಗದ ತನ್ನಿ. ಮಾದರಿ ತಂದು ಕಣ್ಣು ಮುಚ್ಚಿ ಮಗುಚಿ ನೋಡಿ.

ಅಕ್ಷರ ದೊಡ್ಡದಿರಲಿ. ಸಭೆಯ ದೀಪ ಪೂರ್ತಿ ಆರಿಸಬೇಡಿ ಅಂತ ದೀಪದವರಿಗೆ ಮೊದಲೇ ಹೇಳಿ, ಅರ್ಧ ಬೆಳಕು ಸಾಕು. ಕತ್ತಲೆಯಲ್ಲಿ ನನ್ನ ಪುಸ್ತಿಕೆ ಬೀಸಣಿಗೆ ಅಷ್ಟೇ.

ಕರಡು ತಿದ್ದುವಾಗ ಚುಕ್ಕಿಗಳ ಮೇಲೆ ಕಣ್ಣಿಡಿ. ಜರ್ಮನ್‌ನಲ್ಲಿ ಅಕ್ಷರದ ನೆತ್ತಿಯ ಎರಡು ಚುಕ್ಕಿ ಬಿದ್ದುಹೋದರೆ 'ಸುಂದರ' ಅನ್ನುವ ಪದ 'ಆಗಲೇ' ಅಂತ ಆಗಿಬಿಡುತ್ತದೆ. ಫಾಂಟ್ ಬದಲಾದಾಗ ಫ್ರೆಂಚ್‌ನ ಒತ್ತು ಗುರುತುಗಳೂ ಹಾಗೇ ಮಾಯವಾಗುತ್ತವೆ. ಅಚ್ಚಿಗೆ ಹೋಗುವ ಕೊನೆಯ ಪ್ರತಿಯನ್ನೇ ಕಾಗದದ ಮೇಲೆ ತೆಗೆದು, ಗಾಯಕರಿಗೆ ಕಳಿಸಿ. ಅವರು ಮನಸ್ಸಿನಲ್ಲೇ ಹಾಡಿಕೊಂಡು ಓದುತ್ತಾರೆ, ನಮಗೆ ಕಾಣದ್ದು ಅವರಿಗೆ ಕಾಣುತ್ತದೆ.

ಮೊದಲ ಪುಟದಲ್ಲಿ ಎರಡು ಮಾತು ಬರೆಯಿರಿ. ಒಂದು, ಯಾವ ಯಾವ ಹಾಡು ಒಂದು ಗುಂಪು, ಚಪ್ಪಾಳೆ ಗುಂಪಿನ ಕೊನೆಗೆ. ಕಟುವಾಗಿ ಬೇಡ, ಮೊದಲ ಸಲ ಬಂದವರು ಹೆದರಿಬಿಡುತ್ತಾರೆ. ಎರಡು, ಪದ ಮುಗಿದ ಮೇಲೂ ಪಿಯಾನೊ ಇದೆ ಅಂತ. ಡಿಖ್ಟರ್‌ಲೀಬೆಯಲ್ಲಿ ಕೊನೆಯ ಪದ ಆದಮೇಲೆ ಪಿಯಾನೊ ಒಂದೇ ಬಹಳ ಹೊತ್ತು ಮಾತಾಡುತ್ತದೆ. ಓದುವವರು ಪದ ಮುಗಿದ ತಕ್ಷಣ ಪುಸ್ತಿಕೆ ಮುಚ್ಚಿ ಚೀಲ ಎತ್ತಿಕೊಳ್ಳುತ್ತಾರೆ. ಅಂಥ ಹಾಡಿನ ಕೆಳಗೆ "ಪಿಯಾನೊ ಮುಂದುವರಿಯುತ್ತದೆ" ಅಂತ ಓರೆ ಅಕ್ಷರದಲ್ಲಿ ಹಾಕುತ್ತೇನೆ. ಚೀಲದ ಜಿಪ್ಪಿನ ಸದ್ದು ಕಡಿಮೆಯಾಗಿದೆ.

ಆಕ್ಸ್‌ಫರ್ಡ್‌ನ ಲೀಡರ್ ಹಬ್ಬದವರು 2014ರಲ್ಲಿ ಶೂಬರ್ಟ್‌ನ ಹಾಡುಗಳನ್ನೆಲ್ಲ, 600ಕ್ಕೂ ಜಾಸ್ತಿ, ಒಂದೇ ಹಬ್ಬದಲ್ಲಿ ಹಾಡಿಸಿದರು. ಆ ಪುಸ್ತಿಕೆ ಮಾಡಿದವರಿಗೆ ದೂರದಿಂದಲೇ ಒಂದು ನಮಸ್ಕಾರ. ನಮ್ಮದು ಮೂರು ಸಂಜೆಗೆ 60 ಹಾಡು, ಅಷ್ಟಕ್ಕೇ ನನಗೆ ನಿದ್ದೆ ಇಲ್ಲ.

ಕೊನೆ ಗಳಿಗೆಯಲ್ಲಿ ಒಬ್ಬರಿಗೆ ಗಂಟಲು ಕೆಡುತ್ತದೆ, ಎರಡು ಹಾಡು ಬದಲಾಗುತ್ತವೆ. ಪುಸ್ತಿಕೆ ಮತ್ತೆ ಅಚ್ಚು ಹಾಕಲು ಹೋಗಬೇಡಿ, ಬೇರೆ ಬಣ್ಣದ ಒಂದು ಚೀಟಿ ಒಳಗಿಡಿ. ಎನ್‌ಕೋರ್ ಹಾಡನ್ನು, ಅಂದರೆ ಕಛೇರಿ ಮುಗಿದ ಮೇಲೆ ಸಭೆಯ ಚಪ್ಪಾಳೆಗೆ ಹಾಡುವ ಹೆಚ್ಚಿನ ಹಾಡನ್ನು, ಪುಸ್ತಿಕೆಯಲ್ಲಿ ಹಾಕಬೇಡಿ, ಗುಟ್ಟು ರಟ್ಟಾಗುತ್ತದೆ. ಅದರ ಅರ್ಥವನ್ನು ಹಾಡುವ ಮುಂಚೆ ಎರಡು ಮಾತಲ್ಲಿ ಹೇಳಿ ಅಂತ ಗಾಯಕರನ್ನೇ ಕೇಳಿಕೊಳ್ಳಿ.

ಕಛೇರಿ ಮುಗಿದ ಮೇಲೆ ಕುರ್ಚಿಯ ಕೆಳಗೆ ಬಿಟ್ಟುಹೋದ ಪ್ರತಿಗಳನ್ನು ಆರಿಸಿಕೊಂಡು ಬನ್ನಿ. ಯಾವ ಪುಟದ ಮೂಲೆ ಮಡಚಿದೆ, ಎಲ್ಲಿ ಗೀಟು ಹಾಕಿದ್ದಾರೆ ಅಂತ ಮನೆಗೆ ಹೋಗಿ ನೋಡಿ. ಹೋದ ವರ್ಷ ಒಂದು ಪ್ರತಿಯಲ್ಲಿ ಯಾರೋ ನನ್ನ ಒಂದು ಸಾಲು ಹೊಡೆದುಹಾಕಿ, ಅಂಚಿನಲ್ಲಿ ಪೆನ್ಸಿಲಿನಿಂದ ತಮ್ಮ ಸಾಲು ಬರೆದಿದ್ದರು. ನನ್ನದಕ್ಕಿಂತ ಅದೇ ಚೆನ್ನಾಗಿತ್ತು. ಮೂಲ ಪ್ರತಿಯಲ್ಲಿ ತಿದ್ದಿ ಇಟ್ಟುಕೊಂಡಿದ್ದೇನೆ. ಯಾರದ್ದು ಅಂತ ಗೊತ್ತಾದರೆ ಈ ಸಲ ಅವರ ಹೆಸರು ಹಾಕಬೇಕು.