ಗಣಿತ ಪದವಿ: ಯಾವ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬೇಕು?

ಗಣಿತದಲ್ಲಿ ಪದವಿ ಓದಬೇಕೆಂದು ನಿಶ್ಚಯಿಸಿದ ವಿದ್ಯಾರ್ಥಿಗಳು ಬಹುಮಟ್ಟಿಗೆ ಮೊದಲು ಮಾಡುವ ಕೆಲಸವೆಂದರೆ ರ‍್ಯಾಂಕಿಂಗ್ ಪಟ್ಟಿಯನ್ನು ತೆರೆದು ಮೇಲಿನಿಂದ ಕೆಳಕ್ಕೆ ಹೆಸರುಗಳನ್ನು ಗುರುತು ಹಾಕಿಕೊಳ್ಳುವುದು. ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದು ಮೇಲು. ಗಣಿತ ಪದವಿ ಎಂಬ ಒಂದೇ ಹೆಸರಿನಡಿ ಒಂದು ಕಡೆ ಪ್ರಮೇಯಗಳೂ ಅವುಗಳ ಸಾಧನೆಗಳೂ (ಪ್ರೂಫ್‌ಗಳೂ) ಮೊದಲ ವಾರದಿಂದಲೇ ತುಂಬಿಕೊಂಡಿದ್ದರೆ, ಇನ್ನೊಂದು ಕಡೆ ಲೆಕ್ಕ ಹಾಕುವ ವಿಧಾನಗಳೇ ಎರಡು ವರ್ಷದವರೆಗೆ ಮುಂದುವರಿಯುತ್ತವೆ. ಈ ವ್ಯತ್ಯಾಸ ಯಾವ ರ‍್ಯಾಂಕಿನಲ್ಲೂ ಕಾಣುವುದಿಲ್ಲ.

ಮೊದಲು, ನಿಮಗೆ ಬೇಕಾದ ಗಣಿತ ಯಾವುದೆಂದು ತಿಳಿಯಿರಿ

ಶಾಲೆಯ ಗಣಿತದಲ್ಲಿ ಹೆಚ್ಚಿನ ಅಂಕ ಬರುವುದು ಸರಿಯಾದ ಉತ್ತರಕ್ಕೆ. ಪದವಿಯಲ್ಲಿ ಅಂಕ ಬರುವುದು ಆ ಉತ್ತರ ಏಕೆ ಸರಿಯೆಂದು ತೋರಿಸಿಕೊಡುವುದಕ್ಕೆ. ಎರಡರ ವರ್ಗಮೂಲ ಭಾಗಲಬ್ಧ ಸಂಖ್ಯೆಯಲ್ಲ, ಅವಿಭಾಜ್ಯ ಸಂಖ್ಯೆಗಳು ಅನಂತವಾಗಿವೆ ಎಂಬ ಎರಡು ಪ್ರಮೇಯಗಳ ಸಾಧನೆಯನ್ನು ಓದಿ, ಪುಸ್ತಕ ಮುಚ್ಚಿಟ್ಟು, ನಿಮ್ಮದೇ ವಾಕ್ಯಗಳಲ್ಲಿ ಬರೆಯಲು ಪ್ರಯತ್ನಿಸಿ. ಅನಂತರ ಮಿತಿಯ ಎಪ್ಸಿಲಾನ್–ಡೆಲ್ಟಾ ವ್ಯಾಖ್ಯೆಯನ್ನು ತೆಗೆದುಕೊಂಡು, ಸುಲಭವಾದ ಒಂದು ಉತ್ಪನ್ನದ (ಫಂಕ್ಷನ್) ಮಿತಿಯನ್ನು ಅದರಿಂದಲೇ ಸಾಧಿಸಿ ನೋಡಿ. ಈ ಕೆಲಸ ಕಷ್ಟವೆನಿಸಿದರೆ ಚಿಂತೆಯಿಲ್ಲ, ಎಲ್ಲರಿಗೂ ಮೊದಲಿಗೆ ಹಾಗೆಯೇ ಅನಿಸುತ್ತದೆ. ಆದರೆ ಮರುದಿನವೂ ಅದಕ್ಕೇ ಮರಳಬೇಕೆನಿಸುತ್ತದೆಯೇ ಎಂಬುದನ್ನು ಪ್ರಾಮಾಣಿಕವಾಗಿ ಗಮನಿಸಿಕೊಳ್ಳಿ. ಮರಳಬೇಕೆನಿಸಿದರೆ ಶುದ್ಧ ಗಣಿತಕ್ಕೆ ಒತ್ತು ಕೊಡುವ ವಿಭಾಗಗಳನ್ನೂ, ಅದಕ್ಕಿಂತ ಅವಕಲ ಸಮೀಕರಣಗಳಿಂದ ಹರಿವನ್ನೋ ಸಾಂಕ್ರಾಮಿಕವನ್ನೋ ವಿವರಿಸುವುದು ಹೆಚ್ಚು ಸೆಳೆದರೆ ಅನ್ವಯಿಕ ಗಣಿತ ಮತ್ತು ಸಂಖ್ಯಾಶಾಸ್ತ್ರ ಬಲವಾಗಿರುವ ವಿಭಾಗಗಳನ್ನೂ ಹುಡುಕಬೇಕು.

ಕಂಪ್ಯೂಟರ್ ವಿಜ್ಞಾನ, ಭೌತಶಾಸ್ತ್ರ ಅಥವಾ ಅರ್ಥಶಾಸ್ತ್ರದೊಂದಿಗೆ ಸೇರಿಸಿದ ಜೋಡಿ ಪದವಿಗಳ ಬಗ್ಗೆ ಒಂದು ಎಚ್ಚರಿಕೆ. ಅವು ಒಳ್ಳೆಯ ಪದವಿಗಳೇ, ಆದರೆ ಎರಡನೆಯ ವಿಷಯಕ್ಕೆ ಜಾಗ ಮಾಡಲು ಗಣಿತದ ಕಡೆಯಿಂದ ಏನನ್ನಾದರೂ ತೆಗೆದಿರುತ್ತಾರೆ. ತೆಗೆದದ್ದು ಎರಡನೆಯ ವರ್ಷದ ಅನಾಲಿಸಿಸ್ (ಮಿತಿ, ಕಲನಶಾಸ್ತ್ರಗಳನ್ನು ಸಾಧನೆಸಹಿತ ಕಟ್ಟುವ ಶಾಖೆ) ಅಥವಾ ಬೀಜಗಣಿತವಾಗಿದ್ದರೆ, ಮುಂದೆ ಗಣಿತದಲ್ಲೇ ಸ್ನಾತಕೋತ್ತರ ಓದಬೇಕೆಂದುಕೊಂಡಾಗ ಅದು ಅಡ್ಡ ಬರುತ್ತದೆ.

ಪಠ್ಯಕ್ರಮವನ್ನು ಕೊನೆಯ ವರ್ಷದಿಂದ ಓದಿ

ನನ್ನ ದೃಷ್ಟಿಯಲ್ಲಿ ಇಡೀ ಆಯ್ಕೆಯ ತಿರುಳು ಇರುವುದು ಇಲ್ಲೇ. ಮೊದಲ ವರ್ಷದ ವಿಷಯಪಟ್ಟಿ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ ತೆರನಾಗಿ ಕಾಣುತ್ತದೆ: ಕಲನಶಾಸ್ತ್ರ, ಲೀನಿಯರ್ ಆಲ್ಜಿಬ್ರಾ, ಸ್ವಲ್ಪ ಸಂಭವನೀಯತೆ. ವಿಭಾಗದ ನಿಜವಾದ ಸ್ವಭಾವ ತಿಳಿಯುವುದು ಕೊನೆಯ ವರ್ಷದ ಐಚ್ಛಿಕ ವಿಷಯಗಳಿಂದ. ಟೋಪಾಲಜಿ, ಮೆಷರ್ ಥಿಯರಿ (ಉದ್ದ, ವಿಸ್ತೀರ್ಣದಂಥ ಅಳತೆಗಳ ಸಿದ್ಧಾಂತ), ಗಾಲ್ವಾ ಥಿಯರಿ, ಸಂಖ್ಯಾಸಿದ್ಧಾಂತ, ಆಂಶಿಕ ಅವಕಲ ಸಮೀಕರಣಗಳು ಇವೆಯೇ? ಇದ್ದರೆ ಪ್ರತಿ ವರ್ಷ ಕಲಿಸುತ್ತಾರೆಯೇ, ಅಥವಾ ಹೆಸರು ಮಾತ್ರ ಪಟ್ಟಿಯಲ್ಲಿ ಉಳಿದು ಅಧ್ಯಾಪಕರಿಲ್ಲದೆ ನಿಂತಿದೆಯೇ? ಕಳೆದ ಎರಡು ಮೂರು ವರ್ಷಗಳ ವೇಳಾಪಟ್ಟಿಯನ್ನು ಹೋಲಿಸಿದರೆ ಇದಕ್ಕೆ ಉತ್ತರ ಸಿಗುತ್ತದೆ. ಸಿಗದಿದ್ದರೆ ವಿಭಾಗದ ಕಚೇರಿಗೆ ಪತ್ರ ಬರೆದು ಕೇಳುವುದರಲ್ಲಿ ಸಂಕೋಚ ಬೇಡ.

ಅಲ್ಲಿಂದ ಹಿಂದಕ್ಕೆ ಬನ್ನಿ. ಪ್ರತಿಯೊಂದು ಮೇಲಿನ ವಿಷಯಕ್ಕೂ ಅದಕ್ಕೆ ಮೊದಲು ಓದಿರಬೇಕಾದ ವಿಷಯಗಳಿರುತ್ತವೆ. ಉದಾಹರಣೆಗೆ, ಹಣಕಾಸು ಗಣಿತದ ಆಳಕ್ಕೆ ಇಳಿಯಬೇಕೆನ್ನುವವರಿಗೆ ಆಧುನಿಕ ಸಂಭವನೀಯತೆ ಬೇಕು, ಅದಕ್ಕೆ ಮೆಷರ್ ಥಿಯರಿ ಬೇಕು, ಅದಕ್ಕೆ ಗಟ್ಟಿಯಾದ ರಿಯಲ್ ಅನಾಲಿಸಿಸ್ ಬೇಕು. ಈ ಸರಪಳಿಯ ಒಂದು ಕೊಂಡಿ ಐಚ್ಛಿಕವಾಗಿದ್ದು, ಅದೇ ಅವಧಿಯಲ್ಲಿ ಇನ್ನೊಂದು ಕಡ್ಡಾಯ ವಿಷಯ ನಡೆಯುತ್ತಿದ್ದರೆ, ಕಾಗದದ ಮೇಲೆ ಇರುವ ಆಯ್ಕೆ ನಿಮ್ಮ ಪಾಲಿಗೆ ಇಲ್ಲದಂತೆಯೇ.

ಕಲಿಸುವ ರೀತಿಯನ್ನೂ ಇದೇ ಹೊತ್ತಿನಲ್ಲಿ ವಿಚಾರಿಸಬೇಕು. ಗಣಿತವನ್ನು ಉಪನ್ಯಾಸ ಕೇಳಿ ಕಲಿಯುವುದಕ್ಕಿಂತ ಸಮಸ್ಯೆಗಳನ್ನು ಬಿಡಿಸಿ ಕಲಿಯುವುದೇ ಹೆಚ್ಚು. ಆದ್ದರಿಂದ ವಾರವಾರ ಸಮಸ್ಯಾಪತ್ರ ಕೊಡುತ್ತಾರೆಯೇ, ನೀವು ಬರೆದ ಸಾಧನೆಯನ್ನು ಯಾರಾದರೂ ಸಾಲು ಸಾಲಾಗಿ ಓದಿ ತಪ್ಪು ತೋರಿಸುತ್ತಾರೆಯೇ, ಸಣ್ಣ ಗುಂಪಿನ ಟ್ಯುಟೋರಿಯಲ್ ಇದೆಯೇ ಎಂಬ ಪ್ರಶ್ನೆಗಳು ಕಟ್ಟಡ, ಗ್ರಂಥಾಲಯಗಳ ಚಿತ್ರಗಳಿಗಿಂತ ಮುಖ್ಯವಾದವು. ಅನೇಕ ವಿಭಾಗಗಳು ಹಳೆಯ ಸಮಸ್ಯಾಪತ್ರಗಳನ್ನು ಅಂತರ್ಜಾಲದಲ್ಲಿ ಮುಕ್ತವಾಗಿಟ್ಟಿವೆ. ಅವುಗಳಲ್ಲಿ ಒಂದನ್ನು ತೆಗೆದುಕೊಂಡು ಒಂದು ಸಂಜೆ ಕುಳಿತುಕೊಳ್ಳಿ. ಪರಿಚಯ ಪುಸ್ತಿಕೆ ಹೇಳದ ಎಷ್ಟೋ ಸಂಗತಿಗಳನ್ನು ಅದು ಹೇಳುತ್ತದೆ.

ಪದವಿಯ ಚೌಕಟ್ಟು ದೇಶದಿಂದ ದೇಶಕ್ಕೆ ಬೇರೆ

ಇಂಗ್ಲೆಂಡಿನಲ್ಲಿ ಗಣಿತ ಪದವಿ ಸಾಮಾನ್ಯವಾಗಿ 3 ವರ್ಷದ್ದು, ಸ್ನಾತಕೋತ್ತರವನ್ನೂ ಸೇರಿಸಿಕೊಂಡರೆ 4 ವರ್ಷದ್ದು; ಅಲ್ಲಿ ಮೊದಲ ದಿನದಿಂದಲೇ ಹೆಚ್ಚುಕಡಿಮೆ ಗಣಿತವೊಂದೇ. ಸ್ಕಾಟ್ಲೆಂಡಿನಲ್ಲಿ ಆನರ್ಸ್ ಪದವಿಗೆ 4 ವರ್ಷ, ಮೊದಲ ವರ್ಷಗಳಲ್ಲಿ ಬೇರೆ ವಿಷಯಗಳಿಗೂ ಅವಕಾಶವಿದೆ. ಅಮೆರಿಕದಲ್ಲಿ 4 ವರ್ಷದ ಪದವಿಗೆ ಸೇರಿದವರು ಮುಖ್ಯ ವಿಷಯವನ್ನು ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಯೊಳಗೆ ಘೋಷಿಸಿದರೆ ಸಾಕು. ಜರ್ಮನಿಯಲ್ಲಿ ಪದವಿ ಸಾಮಾನ್ಯವಾಗಿ 6 ಸೆಮಿಸ್ಟರ್‌ಗಳದ್ದು, ಗಣಿತದ ಜೊತೆ ಒಂದು ಉಪವಿಷಯವಿರುವುದು ರೂಢಿ, ಬೋಧನೆ ಬಹುತೇಕ ಜರ್ಮನ್ ಭಾಷೆಯಲ್ಲಿ. ಗಣಿತದ ಬಗ್ಗೆ ಮನಸ್ಸು ಗಟ್ಟಿಯಾಗಿರುವವರಿಗೆ ಮೊದಲ ಮಾದರಿ ಒಪ್ಪುತ್ತದೆ. ಇನ್ನೂ ತೂಗಿ ನೋಡುತ್ತಿರುವವರು ವಿಷಯ ಬದಲಿಸಲು ಎಡೆಯಿರುವ ಕಡೆ ಅರ್ಜಿ ಹಾಕುವುದು ಕ್ಷೇಮ.

ಪ್ರವೇಶ ಪರೀಕ್ಷೆಯನ್ನು ಮೊದಲೇ ಬರೆದು ನೋಡಿ

ಶಾಲಾ ಅಂಕಗಳಷ್ಟನ್ನೇ ನೋಡುವ ಸಂಸ್ಥೆಗಳಿವೆ, ತಮ್ಮದೇ ಪರೀಕ್ಷೆಯಿಟ್ಟು ಆರಿಸುವ ಸಂಸ್ಥೆಗಳೂ ಇವೆ. ಭಾರತೀಯ ಸಾಂಖ್ಯಿಕ ಸಂಸ್ಥೆ ಮತ್ತು ಚೆನ್ನೈ ಗಣಿತ ಸಂಸ್ಥೆಗಳ ಪ್ರವೇಶ ಪರೀಕ್ಷೆಗಳಲ್ಲಿ ಪೂರ್ಣ ವಾದವನ್ನು ಬರೆದು ತೋರಿಸಬೇಕಾದ ಪ್ರಶ್ನೆಗಳಿರುತ್ತವೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯವು ಗಣಿತಕ್ಕೆ ಷರತ್ತಿನ ಮೇಲೆ ಪ್ರವೇಶ ಕೊಡುವಾಗ ‘ಸ್ಟೆಪ್’ ಪರೀಕ್ಷೆಯ ಫಲಿತಾಂಶವನ್ನು ಕೇಳುತ್ತದೆ. ಅದರ 3 ಗಂಟೆಯ ಪತ್ರಿಕೆಯಲ್ಲಿ ಅಂಕ ಲೆಕ್ಕಕ್ಕೆ ಬರುವುದು 6 ಪ್ರಶ್ನೆಗಳು ಮಾತ್ರ, ಅಂದರೆ ಒಂದೊಂದಕ್ಕೆ ಅರ್ಧ ಗಂಟೆ. ಹಳೆಯ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಗಡಿಯಾರ ಮುಂದಿಟ್ಟುಕೊಂಡು ಬರೆದರೆ ಪ್ರವೇಶ ಸಾಧ್ಯತೆಯ ಅಂದಾಜಿನ ಜೊತೆಗೆ, ಅಂಥ ಪ್ರಶ್ನೆಗಳೊಂದಿಗೆ ಹಲವು ವರ್ಷ ಕಳೆಯುವುದು ನಿಮಗೆ ಒಗ್ಗುತ್ತದೆಯೇ ಎಂಬುದೂ ತಿಳಿಯುತ್ತದೆ.

ರ‍್ಯಾಂಕಿಂಗ್ ಏನನ್ನು ಅಳೆಯುತ್ತದೆ?

ಈಗ ರ‍್ಯಾಂಕಿಂಗ್ ಪಟ್ಟಿಯನ್ನು ತೆರೆಯಬಹುದು. 2003ರಲ್ಲಿ ಆರಂಭವಾದ ಶಾಂಘೈ ರ‍್ಯಾಂಕಿಂಗ್ ವಿಶ್ವವಿದ್ಯಾಲಯಗಳನ್ನು ಒಟ್ಟಾಗಿ ತೂಗುವಾಗ, ಅಲ್ಲಿನವರು ಗಳಿಸಿದ ನೊಬೆಲ್ ಪ್ರಶಸ್ತಿ ಮತ್ತು ಗಣಿತದ ಫೀಲ್ಡ್ಸ್ ಪದಕಗಳಿಗೆ, ಹೆಚ್ಚು ಉಲ್ಲೇಖಗೊಂಡ ಸಂಶೋಧಕರಿಗೆ, ‘ನೇಚರ್’ ಮತ್ತು ‘ಸೈನ್ಸ್’ ಪತ್ರಿಕೆಗಳ ಲೇಖನಗಳಿಗೆ ಅಂಕ ಕೊಡುತ್ತದೆ. ಶುದ್ಧ ಗಣಿತದ ಪ್ರಬಂಧಗಳು ಆ ಎರಡು ಪತ್ರಿಕೆಗಳಲ್ಲಿ ಬರುವುದೇ ಅಪರೂಪ. ಬೇರೆ ಕೆಲವು ಪಟ್ಟಿಗಳು ವಿದ್ವಾಂಸರ ಅಭಿಪ್ರಾಯ ಸಮೀಕ್ಷೆಗೆ ದೊಡ್ಡ ತೂಕ ಕೊಡುತ್ತವೆ. ಸಂಶೋಧನೆಯ ಕೇಂದ್ರಗಳು ಯಾವುವೆಂದು ತಿಳಿಯಲು ಇವು ನೆರವಾಗುತ್ತವೆ, ಆದರೆ ನಿಮ್ಮ ಮೊದಲ ವರ್ಷದ ಸಮಸ್ಯಾಪತ್ರವನ್ನು ಯಾರು ತಿದ್ದುತ್ತಾರೆ ಎಂಬುದನ್ನು ಇವು ಅಳೆಯುವುದಿಲ್ಲ.

ಅರ್ಜಿಗಳ ಪಟ್ಟಿ ಕಟ್ಟುವ ಬಗೆ

ಉಳಿದ ಹೆಸರುಗಳನ್ನು ಮೂರು ಗುಂಪು ಮಾಡಿ: ಪ್ರವೇಶ ಕಷ್ಟವಾದರೂ ಪ್ರಯತ್ನಿಸಬೇಕೆನಿಸುವವು, ನಿಮ್ಮ ಈಗಿನ ಅಂಕಗಳಿಗೆ ಹೊಂದುವವು, ಬಹುತೇಕ ಖಚಿತವಾಗಿ ಸಿಗುವವು. ಹೆಚ್ಚಿನ ಸಮಯವನ್ನು ಮೂರನೆಯ ಗುಂಪಿಗೇ ಕೊಡಿ ಎಂದು ನಾನು ಹೇಳುತ್ತೇನೆ. ಮೊದಲ ಗುಂಪಿನ ಹೆಸರುಗಳನ್ನು ಎಲ್ಲರೂ ಆಸೆಯಿಂದ ಹುಡುಕುತ್ತಾರೆ, ಮೂರನೆಯದನ್ನು ಕೊನೆಯ ಸಂಜೆ ಅವಸರದಲ್ಲಿ ತುಂಬುತ್ತಾರೆ. ಆದರೆ ಹೋಗಿ ಓದಬೇಕಾಗಿ ಬರುವುದು ಅಲ್ಲೇ ಆಗಿರಬಹುದು. ಅಲ್ಲಿನ ಪಠ್ಯಕ್ರಮವನ್ನೂ ಅಷ್ಟೇ ಶ್ರದ್ಧೆಯಿಂದ ಓದಿ, ಸಂತೋಷದಿಂದ ಹೋಗಲಾರೆನೆನಿಸುವ ಹೆಸರನ್ನು ತೆಗೆದುಹಾಕಿ. ಶುಲ್ಕ, ವಾಸದ ಖರ್ಚು, ವಿದ್ಯಾರ್ಥಿವೇತನಗಳನ್ನು ಪದವಿಯ ಪೂರ್ಣ ಅವಧಿಗೆ ಲೆಕ್ಕ ಹಾಕಿ ಮನೆಯವರೊಂದಿಗೆ ಮಾತನಾಡುವ ಹೊತ್ತೂ ಇದೇ.

ನಿಯಮಗಳು ಪಟ್ಟಿಯನ್ನು ಬಿಗಿಗೊಳಿಸಬಹುದು. ಬ್ರಿಟನ್ನಿನಲ್ಲಿ ಪದವಿ ಅರ್ಜಿಗಳ ಕೇಂದ್ರೀಯ ವ್ಯವಸ್ಥೆಯಾದ ‘ಯುಕಾಸ್’ ಮೂಲಕ ಹೆಚ್ಚೆಂದರೆ 5 ಆಯ್ಕೆಗಳು, ಸಾಮಾನ್ಯವಾಗಿ ಒಂದೇ ವರ್ಷ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡಕ್ಕೂ ಅರ್ಜಿ ಹಾಕುವಂತಿಲ್ಲ. ಪ್ರವೇಶ ಪರೀಕ್ಷೆಯ ನೋಂದಣಿಗೆ ಅನೇಕ ವೇಳೆ ಅರ್ಜಿಯ ಗಡುವಿಗಿಂತ ಬೇರೆಯದೇ ದಿನಾಂಕವಿರುತ್ತದೆ, ಕೆಲವು ಕಡೆ ಅದು ಮೊದಲೇ ಮುಗಿದುಹೋಗುತ್ತದೆ. ಹೀಗಾಗಿ ಪ್ರತಿ ಹೆಸರಿನ ಎದುರಿಗೆ ಪರೀಕ್ಷಾ ನೋಂದಣಿ, ಅರ್ಜಿ, ವಿದ್ಯಾರ್ಥಿವೇತನ ಎಂದು ಮೂರು ದಿನಾಂಕಗಳನ್ನು ಸಂಸ್ಥೆಯ ಅಧಿಕೃತ ಪ್ರಕಟಣೆಯಿಂದಲೇ ನೋಡಿ ಬರೆದುಕೊಳ್ಳಿ, ಮತ್ತು ಶಿಫಾರಸು ಪತ್ರ ಬರೆಯಬೇಕಾದ ಅಧ್ಯಾಪಕರಿಗೆ ಆ ದಿನಾಂಕಗಳನ್ನು ಕೆಲವು ವಾರ ಮುಂಚಿತವಾಗಿ ತಿಳಿಸಿ.